ದಿನ ತುಂಬಿದ ಹೊಟ್ಟೆ ರಾತ್ರಿಯೇ ಏಕೆ ಬಿಗಿಯುತ್ತೆ? ಮೆಲಟೋನಿನ್, ಕತ್ತಲೆ ಮತ್ತು ಕೋಣೆಯ ಬಲ್ಬು

ಬೆಳಕುಲೆಕ್ಕ:
‘ಹಗಲೆಲ್ಲ ಏನೂ ಇರಲ್ಲ, ರಾತ್ರಿ ಮಲಗಿದ ಮೇಲೆ ಹೊಟ್ಟೆ ಗಟ್ಟಿಯಾಗುತ್ತೆ.’ ಎಂಟು ತಿಂಗಳು ದಾಟಿದ ಬಸುರಿಯರು ಹೇಳುವ ಈ ಮಾತು ಬರೀ ಅನಿಸಿಕೆಯಲ್ಲ. ಇಂಗ್ಲೆಂಡಿನಲ್ಲಿ 2005ರಿಂದ 2014ರವರೆಗಿನ 50 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಸಮಯ ನೋಡಿದಾಗ, ತಾನಾಗಿ ನೋವು ಶುರುವಾಗಿ ತಾನಾಗಿ ಆದ ಹೆರಿಗೆಗಳು ಬೆಳಗಿನ ಜಾವ 4 ಗಂಟೆಯ ಆಸುಪಾಸಿನಲ್ಲಿ ಅತಿ ಹೆಚ್ಚು ಇದ್ದವು. ಮಧ್ಯಾಹ್ನ ಕಡಿಮೆ. ಸಿಸೇರಿಯನ್ ಮತ್ತು ನೋವು ಬರಿಸಿದ ಹೆರಿಗೆಗಳನ್ನು ಬೇರೆ ಇಟ್ಟು ನೋಡಿದ್ದರಿಂದಲೇ ಈ ಚಿತ್ರ ಸ್ಪಷ್ಟವಾಯಿತು. ಎಲ್ಲವನ್ನೂ ಒಟ್ಟಿಗೆ ಕೂಡಿಸಿದರೆ ಕಾಣುವುದು ಆಸ್ಪತ್ರೆಯ ಡ್ಯೂಟಿ ಸಮಯವೇ ಹೊರತು ದೇಹದ ಗಡಿಯಾರವಲ್ಲ.

ರಾತ್ರಿಗೆ ಈ ಬಲ ಎಲ್ಲಿಂದ ಬರುತ್ತೆ ಎಂಬುದಕ್ಕೆ, ರಾತ್ರಿ ಕತ್ತಲಲ್ಲಿ ದೇಹದಲ್ಲಿ ಏರುವ ಮೆಲಟೋನಿನ್ ಎಂಬ ಹಾರ್ಮೋನು ಒಂದು ಮುಖ್ಯ ಉತ್ತರ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಸೀಸ್ ಅವರ ಗುಂಪು 2009ರಿಂದ ಇದರ ಮೇಲೆ ಪ್ರಬಂಧಗಳನ್ನು ಪ್ರಕಟಿಸುತ್ತಾ ಬಂತು. 2019ರಲ್ಲಿ ಬಾಸ್ಟನ್‌ನ ಸಂಶೋಧಕರು ಅವರ ಜೊತೆ ಸೇರಿ, ದಿನ ತುಂಬುತ್ತಾ ಬಂದ ಗರ್ಭಿಣಿಯರನ್ನು ರಾತ್ರಿ ಹೊತ್ತು ಮಂದ ಬೆಳಕಲ್ಲೂ ಹೆಚ್ಚಿನ ಬೆಳಕಲ್ಲೂ ಇಟ್ಟು ರಕ್ತದ ಮೆಲಟೋನಿನ್ ಮತ್ತು ಗರ್ಭಕೋಶದ ಬಿಗಿತ ಎರಡನ್ನೂ ಅಳೆದರು. ಬೆಳಕು ಬಿದ್ದಾಗ ಮೆಲಟೋನಿನ್ ಇಳಿಯಿತು, ಬಿಗಿತಗಳ ಸಂಖ್ಯೆಯೂ ಇಳಿಯಿತು. ಭಾಗವಹಿಸಿದವರು ಕೆಲವೇ ಮಂದಿ. ಅದನ್ನು ಮರೆಯದೆ ಮಾತಾಡೋಣ.

ಈ ಎಳೆಯಲ್ಲಿ ಎರಡು ವಿಷಯ ಬೇಕು: ಸ್ನಾಯುವಿನೊಳಗೆ ಏನಾಗುತ್ತೆ, ಮತ್ತು ಮನೆ, ವಾರ್ಡುಗಳಲ್ಲಿ ದೀಪ ಹೇಗಿರಬೇಕು.

ಸ್ನಾಯುತಂತು:
ಮೊದಲನೆಯದಕ್ಕೆ ನಾನು ಬರೆಯುತ್ತೇನೆ.

ಕಣ್ಣಿನ ರೆಟಿನಾದಲ್ಲಿ ನೋಡುವುದಕ್ಕಲ್ಲದೆ ಹಗಲು, ರಾತ್ರಿ ತಿಳಿಯುವುದಕ್ಕೆಂದೇ ಕೆಲವು ನರಕೋಶಗಳಿವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣಕ ಇರುತ್ತೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅದು ಅತಿ ಚುರುಕು. ಅಲ್ಲಿಂದ ಸಂದೇಶ ಮಿದುಳಿನ ಮುಖ್ಯ ಗಡಿಯಾರಕ್ಕೆ ಹೋಗಿ, ಬೆನ್ನುಹುರಿ ಮತ್ತು ಕತ್ತಿನ ನರಗಂಟಿನ ದಾರಿಯಾಗಿ ಸುತ್ತಿ ಬಂದು ಪೀನಿಯಲ್ ಗ್ರಂಥಿ ಮುಟ್ಟುತ್ತೆ. ರಾತ್ರಿ, ಕತ್ತಲೆ ಎರಡೂ ಸೇರಿದಾಗ ಆ ಗ್ರಂಥಿ ಸೆರೊಟೋನಿನ್‌ನಿಂದ ಮೆಲಟೋನಿನ್ ಮಾಡುತ್ತೆ. ಮಲಗುವ ರೂಢಿಯ ಸಮಯಕ್ಕೆ ಸುಮಾರು 2 ಗಂಟೆ ಮೊದಲು ಏರಲು ಶುರುವಾಗಿ, ರಾತ್ರಿ 2ರಿಂದ 4ರ ನಡುವೆ ತುದಿ ಮುಟ್ಟುತ್ತೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಒಂದು ಗಂಟೆಗೂ ಕಡಿಮೆ. ಹೀಗಾಗಿ ತಯಾರಿಕೆ ನಿಂತರೆ ಮಟ್ಟ ಬೇಗ ಕುಸಿಯುತ್ತೆ.

ಬಸುರಿನಲ್ಲಿ ರಾತ್ರಿಯ ಈ ಮಟ್ಟ ಕೊನೆಯ ಮೂರು ತಿಂಗಳಲ್ಲಿ ಏರುತ್ತಾ ಹೋಗಿ, ದಿನ ತುಂಬಿದಾಗ ಅತಿ ಹೆಚ್ಚಿದ್ದು, ಹೆರಿಗೆಯಾದ ಮೇಲೆ ಇಳಿದುಬಿಡುತ್ತೆ. ಮಾಸು ಕೂಡ ಸ್ವಲ್ಪ ಮೆಲಟೋನಿನ್ ಮಾಡುತ್ತೆ.

ಇನ್ನು ಗರ್ಭಕೋಶದ ಸ್ನಾಯು. ಅದರ ಮೇಲೆ ಮೆಲಟೋನಿನ್ ಹಿಡಿಯುವ ಎಂಟಿ1, ಎಂಟಿ2 ಎಂಬ ಎರಡು ಗ್ರಾಹಕಗಳಿವೆ. 2009ರ ಪ್ರಬಂಧದಲ್ಲಿ ಕಂಡದ್ದು ಇದು: ನೋವು ಶುರುವಾಗಿರುವ ಹೆಂಗಸರ ಸ್ನಾಯುವಿನಲ್ಲಿ ಎಂಟಿ2 ಹೆಚ್ಚಿರುತ್ತೆ. ಸ್ನಾಯುಕೋಶಗಳನ್ನು ಕೊಲಾಜನ್ ಜೆಲ್‌ನಲ್ಲಿ ಬೆಳೆಸಿ ಗರ್ಭಕೋಶ ಬಿಗಿಸುವ ಹಾರ್ಮೋನಾದ ಆಕ್ಸಿಟೋಸಿನ್ ಜೊತೆ ಮೆಲಟೋನಿನ್ ಕೊಟ್ಟರೆ, ಆಕ್ಸಿಟೋಸಿನ್ ಒಂದನ್ನೇ ಕೊಟ್ಟಾಗಿನದಕ್ಕಿಂತ ಜೆಲ್ ಹೆಚ್ಚು ಕುಗ್ಗುತ್ತೆ. ಒಳಗಿನ ದಾರಿ ಹೀಗೆ: ಫಾಸ್ಫೋಲೈಪೇಸ್-ಸಿ, ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವಗಳು ಚಾಲೂ ಆಗುತ್ತವೆ, ಸಂಕೋಚನ ನಡೆಸುವ ಪ್ರೋಟೀನುಗಳು ಸಜ್ಜಾಗುತ್ತವೆ. ಕನೆಕ್ಸಿನ್-43 ಎಂಬ ಪ್ರೋಟೀನಿನಿಂದ ಕೋಶ ಕೋಶದ ನಡುವೆ ಕಿಂಡಿಗಳು ಹೆಚ್ಚುತ್ತವೆ. ಈ ಕಿಂಡಿಗಳೇ ಮುಖ್ಯ. ಅವಿಲ್ಲದಿದ್ದರೆ ಒಂದೊಂದು ಕೋಶ ತನ್ನ ಪಾಡಿಗೆ ಮಿಡಿಯುತ್ತೆ, ಹೊಟ್ಟೆ ಅಲ್ಲಲ್ಲಿ ಬಿಗಿದು ಸಡಿಲವಾಗುತ್ತೆ. ಕಿಂಡಿಗಳು ತುಂಬಿದ ಮೇಲೆ ಇಡೀ ಗರ್ಭಕೋಶ ಒಂದೇ ಉಸಿರಿಗೆ ಹಿಡಿಯುತ್ತೆ.

ಮೆಲಟೋನಿನ್ ತಾನೊಂದೇ ಹೆರಿಗೆ ತರುವುದಿಲ್ಲ. ಆಕ್ಸಿಟೋಸಿನ್‌ಗೆ ಕೈಜೋಡಿಸುತ್ತೆ, ಅಷ್ಟೇ. ಗರ್ಭಕೋಶ ಇನ್ನೂ ಸಿದ್ಧವಾಗಿಲ್ಲದಿದ್ದರೆ ಜೋಡಿಸಲು ಕೈಯೇ ಇರಲ್ಲ. ಐದನೇ ತಿಂಗಳಲ್ಲೂ ಪ್ರತಿರಾತ್ರಿ ಮೆಲಟೋನಿನ್ ಏರುತ್ತೆ, ಆದರೂ ಏನೂ ಆಗದಿರುವುದು ಇದಕ್ಕೇ.

ಹೊಸಬೆಳಗು:
ಸ್ನಾಯುತಂತು ಸರ್, ಇಲಿಗಳಲ್ಲಿ ಮೆಲಟೋನಿನ್ ಗರ್ಭಕೋಶವನ್ನು ಸಡಿಲಿಸುತ್ತೆ ಅಂತ ಓದಿದ್ದೆ. ನೀವು ಉಲ್ಟಾ ಹೇಳ್ತಿದ್ದೀರಿ. ಯಾವುದು ಸರಿ?

ಸ್ನಾಯುತಂತು:
ಎರಡೂ ಸರಿ. ಇಲಿ ರಾತ್ರಿ ಓಡಾಡಿ ಹಗಲು ಮಲಗುವ ಪ್ರಾಣಿ, ಸಾಮಾನ್ಯವಾಗಿ ಮರಿ ಹಾಕುವುದೂ ಹಗಲಲ್ಲೇ. ಅದರ ಪೀನಿಯಲ್ ಗ್ರಂಥಿ ತೆಗೆದರೆ ಮರಿ ಹಾಕುವ ಹೊತ್ತು ದಿಕ್ಕು ತಪ್ಪುತ್ತೆ, ಸಂಜೆ ಹೊತ್ತು ಮೆಲಟೋನಿನ್ ಕೊಟ್ಟರೆ ಮತ್ತೆ ಹಗಲಿಗೆ ಬರುತ್ತೆ. 2003ರಲ್ಲಿ ಇದನ್ನು ತೋರಿಸಿದ್ದಾರೆ. ಮೆಲಟೋನಿನ್ ಎಂದರೆ ‘ಈಗ ರಾತ್ರಿ’ ಎಂಬ ಸುದ್ದಿ ಮಾತ್ರ. ಇಲಿಗೆ ರಾತ್ರಿ ಎಂದರೆ ಓಡಾಟದ ಹೊತ್ತು, ಮನುಷ್ಯರಿಗೆ ಗೂಡು ಸೇರುವ ಹೊತ್ತು. ಒಂದೇ ಸುದ್ದಿಗೆ ಎರಡು ಪ್ರಾಣಿಗಳ ಗರ್ಭಕೋಶ ಬೇರೆ ಬೇರೆ ಉತ್ತರ ಕೊಡುತ್ತೆ. ಅದಕ್ಕೇ ‘ಮೆಲಟೋನಿನ್ ಬಿಗಿತ ನಿಲ್ಲಿಸುತ್ತೆ’ ಎಂಬ ಸಾಲು ಎಲ್ಲಾದರೂ ಕಂಡರೆ ಅದು ಯಾವ ಪ್ರಾಣಿಯ ಮೇಲಿನ ಕೆಲಸ ಎಂದು ಮೊದಲು ನೋಡಬೇಕು.

ತಾಯಿಕಾರ್ಡ್:
ವಿಜ್ಞಾನ ಮುಂದುವರಿಯಲಿ. ಅದಕ್ಕೆ ಮುಂಚೆ ಒಂದು ಎಚ್ಚರಿಕೆ ಹಾಕಲೇಬೇಕು. ‘ರಾತ್ರಿ ಬಿಗಿಯುವುದು ಸಹಜ’ ಎಂದು ಓದಿ ಯಾರೂ 32ನೇ ವಾರದಲ್ಲಿ ಬೆಳಗಾಗಲಿ ಎಂದು ಕಾಯಬಾರದು.

ಎಣಿಸುವ ಕ್ರಮ: ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕೆಣಕುತ್ತೆ. ಎರಡು ಲೋಟ ನೀರು ಕುಡಿಯಿರಿ. ಎಡಮಗ್ಗುಲಿಗೆ ಮಲಗಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಅಂಗೈ ಇಡಿ, ಬೆರಳಿನಿಂದ ಒತ್ತಬೇಡಿ. ಬಿಗಿತ ಬಂದಾಗ ಹೊಟ್ಟೆ ಹಣೆಯಷ್ಟು ಗಟ್ಟಿಯಾಗುತ್ತೆ, ಸಡಿಲವಾದಾಗ ಕೆನ್ನೆಯಷ್ಟು ಮೆತ್ತಗಿರುತ್ತೆ. ಒಂದು ಬಿಗಿತ ಶುರುವಾದ ಕ್ಷಣದಿಂದ ಮುಂದಿನದು ಶುರುವಾಗುವ ಕ್ಷಣದವರೆಗೆ ಎಣಿಸಿ. ಮುಗಿದದ್ದರಿಂದ ಶುರುವಿನವರೆಗೆ ಎಣಿಸುವುದು ಎಲ್ಲರೂ ಮಾಡುವ ತಪ್ಪು. ಪೂರ್ತಿ ಒಂದು ಗಂಟೆ ಬರೆದಿಡಿ.

ಸುಳ್ಳು ನೋವಾದರೆ ಅಂತರ ಏರುಪೇರಾಗಿರುತ್ತೆ, ಮಗ್ಗುಲು ಬದಲಿಸಿದರೆ, ನೀರು ಕುಡಿದರೆ ಕಡಿಮೆಯಾಗುತ್ತೆ. ನಿಜವಾದ ನೋವಿನಲ್ಲಿ ಅಂತರ ಕಿರಿದಾಗುತ್ತಾ, ಹಿಡಿತ ಉದ್ದವಾಗುತ್ತಾ ಹೋಗುತ್ತೆ. ಸೊಂಟದಿಂದ ಮುಂದಕ್ಕೆ ಸುತ್ತಿ ಬರುವುದೂ ಉಂಟು.

37 ವಾರ ತುಂಬುವ ಮೊದಲು ಗಂಟೆಗೆ 6 ಅಥವಾ ಹೆಚ್ಚು ಬಿಗಿತ ಇದ್ದರೆ ಎಷ್ಟು ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. 4-5 ಇದ್ದು ನೀರು, ವಿಶ್ರಾಂತಿಗೆ ಬಗ್ಗದಿದ್ದರೂ ಹೋಗಿ. ನೀರು ಹೋಗುತ್ತಿದ್ದರೆ, ರಕ್ತ ಕಂಡರೆ, ಮಗು ಒದೆಯುವುದು ಕಡಿಮೆಯಾದರೆ, ಬಿಗಿತದ ನಡುವೆ ಹೊಟ್ಟೆ ಸಡಿಲವೇ ಆಗದಿದ್ದರೆ ಎಣಿಸುತ್ತಾ ಕೂರಬೇಡಿ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಕೈಯಲ್ಲಿರಲಿ. ಅವಧಿಗೆ ಮುಂಚಿನ ನೋವು ಎಂದಾದರೆ 24ರಿಂದ 34 ವಾರಗಳ ನಡುವೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಡುತ್ತಾರೆ: 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು 4 ಸಲ. ಲೆಕ್ಕ ಹಾಕಿ ನೋಡಿ, ಮೊದಲ ಚುಚ್ಚುಮದ್ದಿನಿಂದ ಕೊನೆಯದಕ್ಕೆ 36 ಗಂಟೆ ಬೇಕು. ರಾತ್ರಿ ಕಾಯುತ್ತಾ ಕಳೆದ ಆರು ಗಂಟೆ ಆ ಮಗುವಿನ ಪಾಲಿನದು.

ಕಡಲತೀರ:
ಒಂದು ಯೋಚನೆ. ರಾತ್ರಿ ಬೆಳಕು ಬಿಗಿತ ಕಡಿಮೆ ಮಾಡುತ್ತೆ ಅಂದಮೇಲೆ, 30-32 ವಾರಕ್ಕೇ ನೋವು ಬರುವ ಅಪಾಯ ಇರುವವರಿಗೆ ರಾತ್ರಿ ದೀಪ ಹಾಕಿಟ್ಟರೆ ಆಯಿತಲ್ಲ? ಔಷಧಿಯಿಲ್ಲ, ಖರ್ಚಿಲ್ಲ.

ತಾಯಿಕಾರ್ಡ್:
ದಯವಿಟ್ಟು ಬೇಡ.

ಸ್ನಾಯುತಂತು:
ಯೋಚನೆ ತಳವಿಲ್ಲದ್ದೇನಲ್ಲ. ಓಲ್ಸೀಸ್ ಗುಂಪೂ ಆ ದಿಕ್ಕಿನಲ್ಲಿ ಮಾತಾಡಿದೆ. ಆದರೆ ಅದನ್ನು ಮನೆಯಲ್ಲಿ ಮಾಡಬಾರದು ಎನ್ನುವುದಕ್ಕೆ ನನ್ನ ಕಾರಣಗಳು ಇವು.

ಅವರು ಅಳೆದದ್ದು ದಿನ ತುಂಬುತ್ತಾ ಬಂದ, ಆರೋಗ್ಯವಂತ ಹೆಂಗಸರಲ್ಲಿ, ಒಂದು ರಾತ್ರಿಯ ಬಿಗಿತಗಳ ಸಂಖ್ಯೆಯನ್ನು. ಹೆರಿಗೆ ಎಷ್ಟು ದಿನ ಮುಂದೆ ಹೋಯಿತು ಎಂಬುದನ್ನಲ್ಲ. ಬಿಗಿತ ಕಡಿಮೆಯಾಗುವುದು ಬೇರೆ, ಅವಧಿಪೂರ್ವ ಹೆರಿಗೆ ತಪ್ಪುವುದು ಬೇರೆ. ನಿಫೆಡಿಪಿನ್‌ನಂಥ ಮಾತ್ರೆಗಳ ಕಥೆಯೂ ಇದೇ. ಅವು ಬಿಗಿತ ನಿಲ್ಲಿಸುತ್ತವೆ, ಸಾಮಾನ್ಯವಾಗಿ ಸಿಗುವುದು ಡೆಕ್ಸಾಮೆಥಸೋನ್ ಕೆಲಸ ಮಾಡಲು ಬೇಕಾದ ಎರಡು ದಿನ.

ಜೊತೆಗೆ, ಅವಧಿಗೆ ಮುಂಚಿನ ನೋವಿಗೆ ಸೋಂಕು, ನೀರು ಒಡೆಯುವುದು, ಮಾಸು ಕಳಚುವುದು, ಅವಳಿ, ಗರ್ಭಕೋಶದ ಬಾಯಿ ಗಿಡ್ಡವಾಗಿರುವುದು ಹೀಗೆ ಬೇರೆ ಬೇರೆ ಮೂಲಗಳಿವೆ. ಮೂತ್ರದ ಸೋಂಕಿನಿಂದ ಬಂದ ನೋವಿಗೆ ಟ್ಯೂಬ್‌ಲೈಟ್ ಹಾಕಿ ಕೂತರೆ ಸೋಂಕು ಬೆಳೆಯುತ್ತೆ.

ನನಗೆ ಅತಿ ಮುಖ್ಯ ಅನಿಸುವುದು ಇನ್ನೊಂದು. ತಾಯಿಯ ಮೆಲಟೋನಿನ್ ಮಾಸು ದಾಟಿ ಮಗುವಿಗೆ ಹೋಗುತ್ತೆ. ಒಳಗಿರುವ ಮಗುವಿಗೆ ಹಗಲು, ರಾತ್ರಿಯ ಸುದ್ದಿ ಕೊಡುವ ದೊಡ್ಡ ದಾರಿ ಅದು. ವಾರಗಟ್ಟಲೆ ಅದನ್ನು ಕತ್ತರಿಸಿಟ್ಟರೆ ತಾಯಿಯ ನಿದ್ದೆಯೂ ಹಾಳು, ಮಗುವಿನ ರಾತ್ರಿಯೂ ಹಾಳು.

ಬೆಳಕುಲೆಕ್ಕ:
ಈಗ ದೀಪದ ಮಾತಿಗೆ ಬರುತ್ತೇನೆ. ಇಲ್ಲಿ ಹೆಚ್ಚಿನವರು ಬೈಯುವುದು ಮೊಬೈಲನ್ನು. ಬೈಗುಳ ತಲುಪಬೇಕಾದ್ದು ಚಾವಣಿಯ ಟ್ಯೂಬ್‌ಲೈಟಿಗೆ.

ಅಂದಾಜು ಅಳತೆಗಳು, ಕಣ್ಣಿನ ಮಟ್ಟದಲ್ಲಿ. ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ 20 ವಾಟಿನ ಎಲ್‌ಇಡಿ ಟ್ಯೂಬ್ ಒಂದು: 100ರಿಂದ 200 ಲಕ್ಸ್. ಪೂರ್ತಿ ಹೊಳಪಿನ ಮೊಬೈಲ್ ಒಂದು ಅಡಿ ದೂರದಲ್ಲಿ: ಕೆಲವು ಹತ್ತು ಲಕ್ಸ್. ಹೊಳಪು ಕಾಲುಭಾಗಕ್ಕೆ ಇಳಿಸಿದರೆ ಹತ್ತಕ್ಕಿಂತ ಕಡಿಮೆ. ಹತ್ತು ಅಡಿ ದೂರದ ಟಿವಿ: ಹತ್ತರ ಒಳಗೆ. ಹುಣ್ಣಿಮೆ: ಅರ್ಧ ಲಕ್ಸ್ ಕೂಡ ಇಲ್ಲ. ಮೋಡ ಕವಿದ ಹಗಲು ಹೊರಗೆ: 10,000 ಆಸುಪಾಸು. ನೇರ ಬಿಸಿಲು: ಒಂದು ಲಕ್ಷ.

ಎಷ್ಟು ಬೆಳಕಿಗೆ ಮೆಲಟೋನಿನ್ ಅರ್ಧಕ್ಕೆ ಇಳಿಯುತ್ತೆ? 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸರಾಸರಿ ಸುಮಾರು 25 ಲಕ್ಸ್. ಅದಕ್ಕಿಂತ ಮುಖ್ಯವಾದದ್ದು ವ್ಯತ್ಯಾಸ: ಕೆಲವರಿಗೆ 6 ಲಕ್ಸ್ ಸಾಕು, ಕೆಲವರಿಗೆ 350 ಬೇಕು. ಅವರು ಬಸುರಿಯರಲ್ಲ, ಆದರೂ ‘ನಮ್ಮಕ್ಕನಿಗೆ ಲೈಟ್ ಹಾಕಿದರೂ ನಿದ್ದೆ ಬರುತ್ತೆ’ ಎಂಬ ವಾದಕ್ಕೆ ಇದೇ ಉತ್ತರ.

ಬಣ್ಣದ ಲೆಕ್ಕ: ಬಲ್ಬಿನ ಡಬ್ಬಿಯ ಮೇಲೆ ಕೆ ಎಂದು ಬರೆದಿರುವ ಅಂಕಿ ನೋಡಿ. 6500 ಎಂದಿದ್ದರೆ ಬಿಳಿ-ನೀಲಿ, 2700 ಎಂದಿದ್ದರೆ ಹಳದಿ. ಅದೇ ಲಕ್ಸ್‌ನಲ್ಲಿ 2700ರ ಬಲ್ಬು ಮೆಲನಾಪ್ಸಿನ್ ಕೋಶಗಳನ್ನು ಸುಮಾರು ಅರ್ಧದಷ್ಟೇ ಕೆಣಕುತ್ತೆ. ನಮ್ಮ ಅಂಗಡಿಗಳಲ್ಲಿ ಕೇಳದೇ ಕೊಟ್ಟರೆ ಕೊಡುವುದು 6500ರದ್ದೇ. ‘ವಾರ್ಮ್ ವೈಟ್ ಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು.

ಇನ್ನು ಝೀರೋ ಬಲ್ಬು. ಎಷ್ಟೋ ಮನೆಗಳಲ್ಲಿ, ಸ್ಪೆಷಲ್ ವಾರ್ಡುಗಳಲ್ಲಿ ರಾತ್ರಿಯಿಡೀ ಉರಿಯುವುದು ನೀಲಿ ಝೀರೋ ಬಲ್ಬು. ಕಣ್ಣಿಗೆ ತಂಪು ಎಂದು ಹಾಕುತ್ತಾರೆ. ನೀಲಿ ಎಲ್‌ಇಡಿ ಬೆಳಕು ಸುಮಾರು 460-470 ನ್ಯಾನೋಮೀಟರ್, ಅಂದರೆ ಮೆಲನಾಪ್ಸಿನ್ ಅತಿ ಚುರುಕಾಗಿರುವ ಜಾಗಕ್ಕೆ ತೀರಾ ಹತ್ತಿರ. ಲಕ್ಸ್ ಮೀಟರ್ ಕಡಿಮೆ ತೋರಿಸಿದರೂ ಕಣ್ಣಿನ ಆ ಕೋಶಗಳಿಗೆ ಅದು ಕಡಿಮೆಯಲ್ಲ. ಅದನ್ನು ತೆಗೆದು ಕೆಂಪು ಅಥವಾ ಕಿತ್ತಳೆ ಬಣ್ಣದ್ದು ಹಾಕಿ. ಇದೊಂದು ಬದಲಾವಣೆಗೆ ತಗಲುವುದು ಒಂದು ಬಲ್ಬಿನ ಬೆಲೆ ಮಾತ್ರ.

ಹೊಸಬೆಳಗು:
ಮೊಬೈಲಿನ ಲಕ್ಸ್ ಆ್ಯಪ್ ನಂಬಬಹುದಾ? ರಾತ್ರಿ ಏಳೋದು ನಾಲ್ಕು ಸಲ, ಆಗೆಲ್ಲ ಬಾತ್‌ರೂಮ್ ಲೈಟ್ ಹಾಕಲೇಬೇಕಲ್ಲ?

ಬೆಳಕುಲೆಕ್ಕ:
ಆ್ಯಪ್ ಹೋಲಿಕೆಗೆ ಸಾಕು, ಖಚಿತ ಅಳತೆಗೆ ಸಾಲದು. 10ಕ್ಕಿಂತ ಕೆಳಗಿನ ಅಂಕಿಗಳನ್ನು ನಂಬಬೇಡಿ. ಸೆನ್ಸರ್ ಇರುವುದು ಸೆಲ್ಫಿ ಕ್ಯಾಮೆರಾದ ಪಕ್ಕ. ಹಾಗಾಗಿ ಫೋನನ್ನು ಕಣ್ಣಿನ ಜಾಗದಲ್ಲಿ ಹಿಡಿದು, ನೀವು ನೋಡುವ ದಿಕ್ಕಿಗೆ ಪರದೆ ತಿರುಗಿಸಿ. ಮೇಜಿನ ಮೇಲೆ ಮಲಗಿಸಿ ಅಳೆದರೆ ಚಾವಣಿ ದೀಪದ ಅಂಕಿ ಬರುತ್ತೆ, ಕಣ್ಣಿಗೆ ಬೀಳುವುದಲ್ಲ.

ಬಾತ್‌ರೂಮಿಗೆ: ಕತ್ತಲಲ್ಲಿ ತಡಕಾಡುತ್ತಾ ಹೋಗಬೇಡಿ. ಒಂಬತ್ತನೇ ತಿಂಗಳಲ್ಲಿ ಬೀಳುವುದು ಮೆಲಟೋನಿನ್ ಇಳಿಯುವುದಕ್ಕಿಂತ ಸಾವಿರ ಪಾಲು ಕೆಟ್ಟದ್ದು. ಮೊಣಕಾಲಿಗಿಂತ ಕೆಳಗೆ, ನೆಲದ ಕಡೆ ಬೆಳಕು ಚೆಲ್ಲುವ ಹಳದಿ ಸೆನ್ಸರ್ ದೀಪ ಹಾಕಿ. ದಾರಿ ಕಾಣುತ್ತೆ, ಕಣ್ಣಿಗೆ ನೇರ ಹೊಡೆಯಲ್ಲ. ಎರಡು ನಿಮಿಷದ ಮಂದ ಬೆಳಕಿಗೆ ರಾತ್ರಿಯ ಮೆಲಟೋನಿನ್ ಕುಸಿದುಹೋಗಲ್ಲ. ತೊಂದರೆ ಬರುವುದು ಎದ್ದವರು ಟ್ಯೂಬ್‌ಲೈಟ್ ಹಾಕಿಕೊಂಡು ಅರ್ಧ ಗಂಟೆ ಕೂತಾಗ.

2022ರಲ್ಲಿ ಬೆಳಕಿನ ವಿಜ್ಞಾನಿಗಳ ಒಂದು ತಂಡ ಆರೋಗ್ಯವಂತ ವಯಸ್ಕರಿಗೆಂದು ಹೇಳಿದ ಮಿತಿಗಳು ಇಟ್ಟುಕೊಳ್ಳಲು ಚೆನ್ನಾಗಿವೆ: ಹಗಲು ಕನಿಷ್ಠ 250, ಮಲಗುವ 3 ಗಂಟೆ ಮುಂಚಿನಿಂದ 10ಕ್ಕಿಂತ ಕಡಿಮೆ, ಮಲಗಿದ ಮೇಲೆ 1ಕ್ಕಿಂತ ಕಡಿಮೆ. ಇವು ಮೆಲನಾಪ್ಸಿನ್ ತೂಕದ ಲಕ್ಸ್, ಅಂದರೆ ಆ ಕೋಶಗಳನ್ನು ಬೆಳಕು ಎಷ್ಟು ಕೆಣಕುತ್ತೆ ಎಂಬ ಲೆಕ್ಕ. 2700ರ ಬಲ್ಬಿನಡಿ ಆ್ಯಪ್ 20 ತೋರಿಸಿದರೆ ಈ ಲೆಕ್ಕದಲ್ಲಿ ಸುಮಾರು 9 ಅಂತ ಹಿಡಿಯಿರಿ.

ಹಗಲಿನ 250 ಬಿಡಬೇಡಿ. ಏಳು ತಿಂಗಳಾದ ಮೇಲೆ ಒಳಮನೆಯಲ್ಲೇ ಕೂರಿಸುವ ರೂಢಿ ಇದೆ. ಒಳಕೋಣೆಯಲ್ಲಿ ಹಗಲಲ್ಲೂ 50 ಲಕ್ಸ್ ಇರಲ್ಲ. ಬೆಳಿಗ್ಗೆ ಅರ್ಧ ಗಂಟೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಕೂತರೆ ಗಡಿಯಾರ ಸರಿಯಾಗಿ ಕೂರುತ್ತೆ, ರಾತ್ರಿಯ ಏರಿಕೆ ಹೊತ್ತಿಗೆ ಸರಿಯಾಗಿ ಬರುತ್ತೆ.

ಕಡಲತೀರ:
ಹಾಗಾದರೆ ಗ್ರಹಣದ ದಿನ ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಕೂರಿಸ್ತಾರಲ್ಲ, ಅದರಿಂದ ಮೆಲಟೋನಿನ್ ಏರಿ ನೋವು ಬರಬಹುದಾ? ಹುಣ್ಣಿಮೆ, ಅಮಾವಾಸ್ಯೆಗೆ ಹೆರಿಗೆ ಜಾಸ್ತಿ ಅಂತಲೂ ಹೇಳ್ತಾರೆ.

ಸ್ನಾಯುತಂತು:
ಹಗಲಲ್ಲಿ ಎಷ್ಟೇ ಕತ್ತಲೆ ಮಾಡಿದರೂ ಮೆಲಟೋನಿನ್ ಏರಲ್ಲ. ಮಿದುಳಿನ ಗಡಿಯಾರ ‘ಈಗ ರಾತ್ರಿ’ ಎಂದಾಗ ಮಾತ್ರ ಪೀನಿಯಲ್ ಗ್ರಂಥಿಗೆ ಅಪ್ಪಣೆ. ಕತ್ತಲೆ ಆ ಅಪ್ಪಣೆಗೆ ಅಡ್ಡ ಬರದೆ ಸುಮ್ಮನಿರುತ್ತೆ, ತಾನಾಗಿ ಅಪ್ಪಣೆ ಕೊಡಲ್ಲ. ಗ್ರಹಣದ ದಿನ ನಿಜವಾದ ಅಪಾಯ ಬೇರೆ ಇದೆ: ಗಂಟೆಗಟ್ಟಲೆ ನೀರು, ಊಟ ಬಿಡುವುದು. ದೇಹದಲ್ಲಿ ನೀರು ಕಡಿಮೆಯಾದರೆ ಬಿಗಿತ ಹೆಚ್ಚುತ್ತೆ. ಕೋಣೆಯಲ್ಲಿ ಕೂರುವುದು ಮನೆಯವರ ನಂಬಿಕೆಯಾದರೆ ಕೂರಲಿ, ಪಕ್ಕದಲ್ಲಿ ನೀರಿನ ಚೊಂಬು ಇರಲಿ, ಕುಡಿಯುತ್ತಿರಲಿ.

ಚಂದ್ರನ ವಿಷಯ: ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 62 ಚಾಂದ್ರಮಾಸಗಳ 5,64,039 ಹೆರಿಗೆಗಳನ್ನು ಲೆಕ್ಕ ಹಾಕಿ 2005ರಲ್ಲಿ ಪ್ರಕಟಿಸಿದರು. ತಿಥಿಗೂ ಹೆರಿಗೆಗೂ ಸಂಬಂಧ ಸಿಗಲಿಲ್ಲ. ಅರ್ಧ ಲಕ್ಸ್ ಕೂಡ ಇಲ್ಲದ ಬೆಳದಿಂಗಳಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಲೂ ಆಗಲ್ಲ.

ಉತ್ತರಧ್ರುವ:
ಸ್ಟಾಕ್‌ಹೋಮ್‌ನಿಂದ ಒಂದು ಪ್ರಶ್ನೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ದಾಟಿದ ಮೇಲೆ, ಹುಟ್ಟುವುದು ಮೂರೂವರೆಗೆ. 38ನೇ ವಾರದವರು ಏನು ಮಾಡಬೇಕು? ನಿದ್ದೆ ಬರಲಿ ಅಂತ ಮೆಲಟೋನಿನ್ ಮಾತ್ರೆ ತಗೊಳ್ಳಬಹುದಾ?

ಬೆಳಕುಲೆಕ್ಕ:
ಪರದೆ ಬೇಕು, ಬರೀ ಪರದೆ ಸಾಲದು. ಬೆಳಕು ನುಗ್ಗುವುದು ಬಟ್ಟೆಯಿಂದಲ್ಲ, ಅಂಚುಗಳಿಂದ. ಕಿಟಕಿ ಚೌಕಟ್ಟಿಗಿಂತ ಎರಡೂ ಬದಿ ಅರ್ಧ ಅಡಿ ಅಗಲ ಇರುವ ದಪ್ಪ ಕಪ್ಪು ಪರದೆ ಹಾಕಿ, ಸರಳಿನ ಮೇಲ್ಭಾಗದ ಸಂದಿಗೆ ಒಂದು ಪಟ್ಟಿ ಮುಚ್ಚಿ. ಆಗದಿದ್ದರೆ ಕಣ್ಣಿಗೆ ಬಟ್ಟೆಯ ಮಾಸ್ಕ್. 9 ಗಂಟೆಯಿಂದಲೇ ಕೋಣೆ ಮಬ್ಬು ಮಾಡಿ. ಮಲಗುವಾಗ ಮಾತ್ರ ಕತ್ತಲೆ ಮಾಡಿದರೆ ಏರಿಕೆ ತಡವಾಗುತ್ತೆ. ಕೋಣೆಯ ಸಾಧಾರಣ ಬೆಳಕು ಮಲಗುವ ಮುಂಚಿನ ಗಂಟೆಗಳಲ್ಲಿ ಬಿದ್ದರೆ ಮೆಲಟೋನಿನ್ ಇರುವ ಅವಧಿಯೇ ಸುಮಾರು 90 ನಿಮಿಷ ಕಿರಿದಾಗುತ್ತೆ ಎಂದು 2011ರಲ್ಲಿ ತೋರಿಸಿದ್ದಾರೆ. ಮಾತ್ರೆಯ ವಿಷಯ ಸ್ನಾಯುತಂತು ಅವರು ಹೇಳಲಿ.

ಸ್ನಾಯುತಂತು:
ವೈದ್ಯರು ಬರೆದುಕೊಡದೆ ಬೇಡ. ದೇಹ ಮಾಡುವುದು ಅತಿ ಸ್ವಲ್ಪ. 3 ಮಿಲಿಗ್ರಾಂ ಮಾತ್ರೆ ನುಂಗಿದರೆ ರಕ್ತದ ಮಟ್ಟ ಸಹಜ ರಾತ್ರಿಯದಕ್ಕಿಂತ ಹತ್ತು ಪಟ್ಟಿಗೂ ಮೇಲೆ ಹೋಗಬಹುದು. ಡಬ್ಬಿಯ ಮೇಲಿನ ಅಂಕಿಯನ್ನೂ ನಂಬುವಂತಿಲ್ಲ. ಕೆನಡಾದಲ್ಲಿ 31 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಒಂದರಲ್ಲಿ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆ, ಇನ್ನೊಂದರಲ್ಲಿ 478 ಶೇಕಡಾ ಹೆಚ್ಚು ಇತ್ತು. 8ರಲ್ಲಿ ಸೆರೊಟೋನಿನ್ ಬೆರೆತಿತ್ತು. ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ನೋಡಿದಾಗ 22ರ ಲೇಬಲ್ ತಪ್ಪು. ದಿನ ತುಂಬಿದವರ ಹೊಟ್ಟೆಗೆ ಅಳತೆಯೇ ಗೊತ್ತಿಲ್ಲದ್ದನ್ನು ಹಾಕುವುದು ಬೇಡ.

ಹಾಗಂತ ‘ಮಾತ್ರೆ ನುಂಗಿದರೆ ನೋವು ಬರುತ್ತೆ’ ಅಂತಲೂ ತಿಳಿಯಬೇಡಿ. ಬಸುರಿನ ಬಿಪಿ ಏರಿ ಪ್ರಿ-ಎಕ್ಲಾಂಪ್ಸಿಯಾ ಆದ 20 ಹೆಂಗಸರಿಗೆ ಮೆಲ್ಬರ್ನ್‌ನಲ್ಲಿ 10 ಮಿಲಿಗ್ರಾಂ ದಿನಕ್ಕೆ ಮೂರು ಸಲ ಕೊಟ್ಟು 2018ರಲ್ಲಿ ವರದಿ ಮಾಡಿದ್ದಾರೆ. ಹೆರಿಗೆ ಬೇಗ ಆಗಲಿಲ್ಲ. ಹಿಂದಿನ ರೋಗಿಗಳಿಗೆ ಹೋಲಿಸಿದರೆ ಕೆಲವು ದಿನ ಮುಂದಕ್ಕೇ ಹೋಯಿತು. ಅಲ್ಲಿ ಮೆಲಟೋನಿನ್ ಕೊಟ್ಟದ್ದು ಮಾಸಿನ ರಕ್ಷಣೆಗೆ, ವೈದ್ಯರ ಕಣ್ಣೆದುರು. ನೋವು ಬರಿಸಿಕೊಳ್ಳಲೂ, ತಡೆದುಕೊಳ್ಳಲೂ ಅಂಗಡಿಯ ಮಾತ್ರೆ ಸಾಧನವಲ್ಲ.

ಪಾಳಿಪಟ್ಟಿ:
ಹೆರಿಗೆ ವಾರ್ಡಿನ ದೀಪದ ಬಗ್ಗೆ ಯಾರೂ ಹೇಳಿಲ್ಲ. ತಾಯಿಕಾರ್ಡ್ ಮೇಡಂ, ನಾಲ್ಕು ಹಾಸಿಗೆಯ ವಾರ್ಡಿನಲ್ಲಿ ಒಬ್ಬರಿಗೆ ನೋವು, ಒಬ್ಬರಿಗೆ ಹೊಲಿಗೆ, ಇನ್ನಿಬ್ಬರಿಗೆ ಬೆಳಿಗ್ಗೆ ಆಪರೇಷನ್. ಎಲ್ಲಿ ಲೈಟ್ ಆರಿಸೋದು?

ತಾಯಿಕಾರ್ಡ್:
ಎಲ್ಲ ಆರಿಸಬೇಕಿಲ್ಲ. ಬೆಳಕು ಬೇಕಾದದ್ದು ಕೈಗೆ ಮತ್ತು ದೇಹದ ಆ ಭಾಗಕ್ಕೆ, ತಾಯಿಯ ಕಣ್ಣಿಗಲ್ಲ.

ಮೊದಲ ಹಂತದಲ್ಲಿ, ಅಂದರೆ ಗರ್ಭಕೋಶದ ಬಾಯಿ ತೆರೆಯುತ್ತಿರುವ ಗಂಟೆಗಳಲ್ಲಿ, ತಲೆಯ ಮೇಲಿನ ಟ್ಯೂಬ್ ಆರಿಸಿ. ವಾರ್ಡಿನ ಸ್ವಿಚ್‌ಗಳು ಎಲ್ಲ ಟ್ಯೂಬಿಗೂ ಒಂದೇ ಇದ್ದರೆ ಎಲೆಕ್ಟ್ರಿಷಿಯನ್ನಿಂದ ಹಾಸಿಗೆವಾರು ಬೇರೆ ಮಾಡಿಸಿ, ಅರ್ಧ ದಿನದ ಕೆಲಸ. ಗೋಡೆಯ ಬುಡದಲ್ಲಿ 2700ರ ಒಂದೆರಡು ಹಳದಿ ಬಲ್ಬು ಸಾಕು. ಬಿಪಿ ನೋಡಲು, ಡ್ರಿಪ್ಪಿನ ಹನಿ ಎಣಿಸಲು ಟಾರ್ಚನ್ನು ಬಾಟಲಿಯ ಕಡೆ ಹಿಡಿಯಿರಿ. ಒಳಪರೀಕ್ಷೆಗೆ ಬಗ್ಗಿಸಬಹುದಾದ ಪರೀಕ್ಷಾ ದೀಪ ಹಾಕಿ, ಮುಗಿದ ಕೂಡಲೇ ಆರಿಸಿ. ನರ್ಸಿಂಗ್ ಸ್ಟೇಷನ್ನಿನ ದೀಪಕ್ಕೆ ಮರೆ ಇರಲಿ. ಪಕ್ಕದ ಹಾಸಿಗೆಗೆ ದೀಪ ಬೇಕಾದರೆ ಇವರಿಗೆ ಕಣ್ಣಿನ ಮೇಲೆ ಮಡಿಚಿದ ಹತ್ತಿ ಬಟ್ಟೆ. ಮುಚ್ಚಿದ ರೆಪ್ಪೆ ತಾನೇ ಬೆಳಕಿನ ಬಹುಪಾಲು ತಡೆಯುತ್ತೆ, ಬಟ್ಟೆ ಉಳಿದದ್ದನ್ನು ತಡೆಯುತ್ತೆ.

ಯಾವಾಗ ಮಬ್ಬು ಮಾಡಬಾರದು: ಮಗು ಹೊರಬರುವಾಗ, ಮಾಸು ಬಂದ ಮೇಲೆ ರಕ್ತಸ್ರಾವ ನೋಡುವಾಗ, ಹೊಲಿಗೆ ಹಾಕುವಾಗ, ಮಗುವಿನ ಮೈಬಣ್ಣ ನೋಡುವಾಗ. ಮಬ್ಬಿನಲ್ಲಿ ರಕ್ತದ ಪ್ರಮಾಣ ಕಡಿಮೆಯೆಂದೇ ಕಾಣುತ್ತೆ. 500 ಮಿಲಿ ದಾಟಿದ್ದು ತಿಳಿಯದೆ ಹೋದರೆ ತಾಯಿಯ ಜೀವಕ್ಕೇ ಸಂಚಕಾರ. ಆಗ ಮೆಲಟೋನಿನ್ ವಿಚಾರ ಬದಿಗಿಟ್ಟು ಎಲ್ಲ ದೀಪ ಹಾಕಿ.

ಆಕ್ಸಿಟೋಸಿನ್ ಡ್ರಿಪ್ ಹಾಕಿದವರಲ್ಲಿ ಒಂದು ಎಚ್ಚರ. ‘ರಾತ್ರಿ ಮೆಲಟೋನಿನ್ ಇದೆ, ಡ್ರಿಪ್ ಕಡಿಮೆ ಸಾಕು’ ಎಂದೋ ‘ಲೈಟ್ ಇದೆ, ಹೆಚ್ಚಿಸೋಣ’ ಎಂದೋ ಲೆಕ್ಕ ಹಾಕಬೇಡಿ. ಅಂಥ ಲೆಕ್ಕಕ್ಕೆ ಆಧಾರವಿಲ್ಲ. ಹೊಟ್ಟೆ ಮುಟ್ಟಿ 10 ನಿಮಿಷಕ್ಕೆ ಎಷ್ಟು ಬಿಗಿತ ಎಂದು ಎಣಿಸಿಯೇ ಹನಿ ಹೊಂದಿಸುವುದು. 30 ನಿಮಿಷದ ಸರಾಸರಿಯಲ್ಲಿ 10 ನಿಮಿಷಕ್ಕೆ 5ಕ್ಕಿಂತ ಹೆಚ್ಚಾದರೆ ಡ್ರಿಪ್ ಇಳಿಸಿ ಅಥವಾ ನಿಲ್ಲಿಸಿ, ಮಗುವಿನ ಎದೆಬಡಿತ ಕೇಳಿ, ವೈದ್ಯರನ್ನು ಕರೆಯಿರಿ. ಹೊಟ್ಟೆಗೆ ಬೆಲ್ಟ್ ಕಟ್ಟುವ ಯಂತ್ರ ಬಿಗಿತ ಎಷ್ಟು ಸಲ ಬಂತು, ಎಷ್ಟು ಹೊತ್ತು ಇತ್ತು ಎಂದು ಹೇಳುತ್ತೆ, ಎಷ್ಟು ಬಲವಾಗಿತ್ತು ಎಂದಲ್ಲ. ಬಲ ತಿಳಿಯುವುದು ಕೈಗೇ.

ಪಾಳಿಪಟ್ಟಿ:
ಸರಿ. ಇನ್ನೊಂದು, ರಾತ್ರಿ ಪಾಳಿಯ ಬಸುರಿ ನರ್ಸುಗಳು?

ತಾಯಿಕಾರ್ಡ್:
ಡೆನ್ಮಾರ್ಕಿನ 2019ರ ಅಧ್ಯಯನದಲ್ಲಿ 8ನೇ ವಾರದ ನಂತರ ಒಂದೇ ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದವರಲ್ಲಿ ಮರುವಾರ ಗರ್ಭಪಾತದ ಅಪಾಯ ಸುಮಾರು ಮೂರನೇ ಒಂದು ಭಾಗ ಹೆಚ್ಚಿತ್ತು. ಅದು ಮೊದಲ ತಿಂಗಳುಗಳ ವಿಷಯ, ಇಲ್ಲಿ ಚರ್ಚಿಸುತ್ತಿರುವ ಕೊನೆಯ ವಾರಗಳದ್ದಲ್ಲ. ಆದರೂ ಪಾಳಿಪಟ್ಟಿ ಹಾಕುವವರು ತಿಳಿದಿರಬೇಕಾದದ್ದು. ಹಗಲು ಪಾಳಿ ಕೇಳಿ ಬರಹದಲ್ಲಿ ಅರ್ಜಿ ಕೊಡಿ, ವೈದ್ಯರ ಚೀಟಿ ಲಗತ್ತಿಸಿ. ಸಿಗದಿದ್ದರೆ ಸತತ ರಾತ್ರಿಗಳನ್ನಾದರೂ ಬಿಡಿಸಿಕೊಳ್ಳಿ, ಬೆಳಿಗ್ಗೆ ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಕತ್ತಲೆ ಕೋಣೆಯಲ್ಲಿ ಮಲಗಿ.

ಹೊಸಬೆಳಗು:
ಕೊನೆಯದೊಂದು. ಹೆರಿಗೆ ಆದಮೇಲೆ ಬಾಣಂತಿ ಕೋಣೆ ಹಗಲೂ ಕತ್ತಲೆ ಇರುತ್ತಲ್ಲ, ಅದು ಮಗುವಿಗೆ ಒಳ್ಳೇದಾ?

ಸ್ನಾಯುತಂತು:
ರಾತ್ರಿ ಕತ್ತಲೆ ಒಳ್ಳೆಯದು, ಹಗಲು ಕತ್ತಲೆ ಅಲ್ಲ. ಮಗುವಿಗೆ ತನ್ನದೇ ಮೆಲಟೋನಿನ್ ಲಯ ಬರಲು ಸುಮಾರು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿಯ ಎದೆಹಾಲಿನಲ್ಲಿ ಬರುವ ಮೆಲಟೋನಿನ್ ಅದಕ್ಕೆ ‘ರಾತ್ರಿಯಾಯಿತು’ ಎಂದು ಹೇಳುತ್ತೆ. ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಡುವವರು ಸಮಯ ಬರೆದಿಟ್ಟು, ರಾತ್ರಿಯ ಹಾಲನ್ನು ರಾತ್ರಿಗೇ ಕೊಟ್ಟರೆ ಚೆನ್ನ. ಹಗಲು ಕಿಟಕಿ ತೆರೆದು, ಗಾಳಿ ಬೀಸದ ಕಡೆ ಹಾಸಿಗೆ ಸರಿಸಿ. ಅಜ್ಜಿಯರ ಆತಂಕ ಇರುವುದು ಥಂಡಿ ಗಾಳಿಗೆ. ಗಾಜು ಮುಚ್ಚಿ ಪರದೆ ಸರಿಸಿದರೆ ಅವರೂ ಒಪ್ಪುತ್ತಾರೆ. ರಾತ್ರಿ ಹಾಲು ಕೊಡುವಾಗ ಅದೇ ಕೆಂಪು ಝೀರೋ ಬಲ್ಬು ಸಾಕು, ಮಗುವಿನ ಬಾಯಿ ಕಂಡರೆ ಆಯಿತು.